ಕಾಕಾನ ಕಲ್ಲೂ ಅತ್ತೆಯ ದೇವರೂ

ನಮ್ಮ ಮನೆಯಲ್ಲೊಬ್ಬ ಹಿರಿಯರಿದ್ದಾರೆ. ಅವರಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ, ಕಲ್ಲಿನ ಹೆಸರು ಮರೆಯುವುದಿಲ್ಲ! ನಾನು ಈ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾಯಿತು. ಇಂದಿಗೂ ನನ್ನನ್ನು ಒಂದು ದಿನ ನಾದಿನಿಯ ಹೆಸರಿನಿಂದ ಕರೆಯುತ್ತಾರೆ, ಇನ್ನೊಂದು ದಿನ ಎಂದೋ ತೀರಿಹೋದ ಯಾವಳೋ ಅತ್ತಿಗೆಯ ಹೆಸರಿನಿಂದ ಕರೆಯುತ್ತಾರೆ. ನಾನೂ ಎರಡಕ್ಕೂ "ಓ" ಎನ್ನುತ್ತೇನೆ. ಆದರೆ ನಾನು ಚಟ್ನಿ ಅರೆಯುವ ಒರಳನ್ನು ಅವರು ನೋಡಿದ್ದು ಒಂದೇ ಸಲ. ಅಷ್ಟರಲ್ಲೇ ಅದು ಯಾವ ಗುಡ್ಡದ್ದು, ಯಾವ ಜಾತಿಯದ್ದು, ಅದರ ಹಿರಿಯರು ಯಾರು ಎಂದು ಕುಲಗೋತ್ರವನ್ನೆಲ್ಲ ಹೇಳಿ ಮುಗಿಸಿದರು. ನನ್ನ ಗೋತ್ರ ಯಾವುದೆಂದು ಕೇಳಿ ನೋಡಿ, ತಡವರಿಸುತ್ತಾರೆ.

ಇವರು ನಮ್ಮ ಮನೆಯವರ ಕಾಕಾ, ಅಂದರೆ ನನ್ನ ಮಾವನವರ ಕೊನೆಯ ತಮ್ಮ. ಹೆಸರು ಬರೆಯುವುದಿಲ್ಲ. ಬರೆದರೆ ಬೇಸರ ಮಾಡಿಕೊಳ್ಳುತ್ತಾರೆ ಎಂದಲ್ಲ. ಇದರಲ್ಲಿ ಕಲ್ಲಿನ ವಿಷಯ ಎಲ್ಲೆಲ್ಲಿ ತಪ್ಪಿದೆ ಎಂದು ಕೆಂಪು ಶಾಯಿಯಲ್ಲಿ ತಿದ್ದಲು ಕೂತುಬಿಡುತ್ತಾರೆ! ಪುಣೆಯಲ್ಲಿ ಭೂಗರ್ಭಶಾಸ್ತ್ರ ಓದಿದವರು, ಧಾರವಾಡದಲ್ಲಿ ಮಾಸ್ತರರಾಗಿ ಭೂಗೋಳ ಕಲಿಸಿದವರು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದರೆ, "ಟೈಮ್ ಸಿಗಲಿಲ್ಲ" ಎನ್ನುತ್ತಾರೆ. ಕೋಟಿ ವರ್ಷಕ್ಕೆ ಕಡಿಮೆ ಮಾತಾಡದ ಮನುಷ್ಯನಿಗೆ ಮದುವೆಗೆ ಮಾತ್ರ ಟೈಮ್ ಸಿಗಲಿಲ್ಲವಂತೆ!

ಪೆನ್ಶನ್ ಆದ ಮೇಲೆ ಮುಂಬಯಿಗೆ, ಪರೇಲಿನ ನಮ್ಮ ಚಾಳಿಗೆ ಬಂದರು. ದಾದರ್ ಸ್ಟೇಷನ್ನಿಗೆ ಕರೆತರಲು ಹೋಗಿದ್ದೆವು. ಒಂದು ಹಾಸಿಗೆಯ ಸುರುಳಿ, ಎರಡು ಕಬ್ಬಿಣದ ಟ್ರಂಕು. ಹಮಾಲ ಒಂದು ಟ್ರಂಕನ್ನು ತಲೆಗೇರಿಸಲು ಹೋಗಿ ಸೊಂಟ ಹಿಡಿದುಕೊಂಡ.

"ಕ್ಯಾ ಹೈ ಇಸ್‌ಮೇ ಬಾಬಾ, ಪತ್ಥರ್ ಹೈ ಕ್ಯಾ?"

"ಹಾಂ, ಕಲ್ಲೇ," ಎಂದರು ಕಾಕಾ ಸಹಜವಾಗಿ.

ಹಮಾಲ ಹೊಟ್ಟೆ ಹಿಡಿದು ನಕ್ಕ. ಅವನು ಯಾಕೆ ನಗುತ್ತಿದ್ದಾನೆಂದು ತಿಳಿಯದೆ ಕಾಕಾ ನಮ್ಮ ಮುಖ ನೋಡಿದರು. ನಾವು ಅವರ ಮುಖ ನೋಡಿದೆವು. ಆ ಗೊಂದಲ ಅಂದು ಶುರುವಾದದ್ದು, ನನ್ನ ತಲೆಯಿಂದ ಇನ್ನೂ ಇಳಿದಿಲ್ಲ.

ನಮ್ಮದು ಒಂದೇ ಖೋಲಿ. ಅದರಲ್ಲೇ ಅಡುಗೆಯ ಮೂಲೆ, ದೇವರ ಗೂಡು, ನನ್ನ ಅತ್ತೆಯ, ಅಂದರೆ ಕಾಕಾನ ವೈನಿಯ, ಮಂಚ. ಆ ಮಂಚದ ಕೆಳಗೆ ಎರಡು ಟ್ರಂಕು ಕಲ್ಲು ಹೋದವು. ದೇವರ ದಯೆ, ನಮ್ಮದು ಕೆಳಗಿನ ಮಾಳಿಗೆ. ಮೂರನೆಯ ಮಾಳಿಗೆಯಾಗಿದ್ದರೆ ಕೆಳಗಿನವರ ಗತಿ ಏನಾಗುತ್ತಿತ್ತು?

ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದೆ. ಕಾಕಾ ಎದುರಿಗೆ ಬಂದು ಕೂತರು.

"ನೋಡವಾ, ಭೂಗರ್ಭಶಾಸ್ತ್ರ ಅಂದ್ರ ಕಾಲೇಜಿನ್ಯಾಗ ಇರೂದಲ್ಲ, ನಿನ್ನ ಅಡಿಗಿಮನ್ಯಾಗ ಅದ. ಹೇಳು ನೋಡೋಣು, ಇಲ್ಲೆ ಎಷ್ಟು ಕಲ್ಲವ?"

"ಒರಳೊಂದು, ಬೀಸೂಕಲ್ಲೊಂದು. ಈ ರೇಶನ್ ಅಕ್ಕಿಯೊಳಗಿನವು ಎಣಿಸಿಲ್ರಿ ಕಾಕಾ."

ಅವರು ತಲೆಯಾಡಿಸಿದರು. ಮಾಸ್ತರರು ದಡ್ಡ ಹುಡುಗರ ಮುಂದೆ ಆಡಿಸುತ್ತಾರಲ್ಲ, ಹಾಗೆ.

"ಏಕಾದಶಿಗೆ ಸೈಂಧವ ಲವಣ ತಿಂತೀರಿ. ಅದು ಗುಡ್ಡ ಅಗದು ತಗದ ಕಲ್ಲು. ಬಾಗಿಲ ಮುಂದ ಹಾಕೋ ರಂಗೋಲಿ? ಬಿಳೇ ಕಲ್ಲು ಕುಟ್ಟಿದ್ದು. ನೀ ಮಾರಿಗೆ ಹಚ್ಚಿಕೊಳ್ಳೋ ಪೌಡರು? ಅದೂ ಕಲ್ಲ, ಬಾಳ ಮೆತ್ತಗಿನ ಕಲ್ಲು. ಹುಡುಗರ ಪಾಟಿ ಕಲ್ಲು, ಬಳಪ ಕಲ್ಲು. ವೈನಿ ಎಲಿಗೆ ಹಚ್ಚೋ ಸುಣ್ಣ ಕಲ್ಲು ಸುಟ್ಟದ್ದು. ಈ ತಾಮ್ರದ ತಂಬಿಗಿ, ಕಬ್ಬಿಣದ ಹಂಚು, ಎಲ್ಲಾ ಕಲ್ಲು ಕರಗಿಸಿ ತಗದದ್ದು."

ನಾನು ಸುತ್ತ ನೋಡಿದೆ. ಬುಟ್ಟಿಯಲ್ಲಿ ಬದನೆಕಾಯಿ ಕಂಡಿತು. ಗೆದ್ದೆ ಎಂದುಕೊಂಡೆ.

"ಬದನಿಕಾಯಿ?"

"ಎರಿ ಮಣ್ಣಿನಾಗ ಬೆಳದದ್ದಲ್ಲ? ಎರಿ ಮಣ್ಣು ಎಲ್ಲಿಂದ ಬಂತು? ಕರೇ ಕಲ್ಲು ಸವದು ಸವದು ಆದದ್ದು!"

ಆ ದಿನದ ಎಣ್ಣೆಗಾಯಿಯನ್ನು ನಾನು ಹಲ್ಲಿನ ಮೇಲೆ ಜೋಪಾನ ಇಟ್ಟುಕೊಂಡು ತಿಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪಾಠ ಸೀಮೆಎಣ್ಣೆಯ ಸ್ಟೋವಿನ ತನಕ ಬಂತು. "ಈ ಘಾಸಲೇಟ್ ಹ್ಯಾಂಗ ಆತು ಗೊತ್ತೇನು? ಸಮುದ್ರದಾಗಿನ ಸಣ್ಣ ಸಣ್ಣ ಜೀವ ಸತ್ತು, ತಳದಾಗ ಹೂತು, ಕೋಟಿಗಟ್ಟಲೆ ವರ್ಷ ಒತ್ತಿ, ಕಾದು, ಎಣ್ಣಿ ಆತು."

ಮಂಚದ ಮೇಲೆ ಜಪಮಣಿ ಹಿಡಿದು ಕೂತಿದ್ದ ಅತ್ತೆಯ ಬೆರಳು ನಿಂತಿತು. "ಏನಂದ್ಯೋ? ಸತ್ತ ಜೀವದ ಎಣ್ಣಿ?"

ಮುಗಿಯಿತು! ಅಂದಿನಿಂದ ಸ್ಟೋವಿನ ಮೇಲೆ ನೈವೇದ್ಯದ ಅಡುಗೆ ಬಂದ್. ಮೂಲೆಗೆ ಸೇರಿದ್ದ ಕಲ್ಲಿದ್ದಲಿನ ಶಿಗಡಿಯನ್ನು ಮತ್ತೆ ಹೊರತೆಗೆದು, ಕಣ್ಣಲ್ಲಿ ನೀರು ಸುರಿಸಿಕೊಂಡು ಊದುವ ಪಾಳಿ ನನ್ನದು. "ಹಂಗಾದ್ರ ಕಲ್ಲಿದ್ದಲಿ?" ಎಂದು ಅತ್ತೆ ವಿಚಾರಣೆ ಮುಂದುವರಿಸಿದರು.

"ಅದು ಗಿಡಮರ ಹೂತು ಆದದ್ದು, ವೈನಿ."

"ಹಾಂ, ಅದು ನಡೀತದ."

ಹೀಗೆ ನಮ್ಮ ಮನೆಯಲ್ಲಿ ಕಲ್ಲಿದ್ದಲು ಶಾಕಾಹಾರಿ, ಘಾಸಲೇಟ್ ಮಾಂಸಾಹಾರಿ! ಇಂಥ ಮಡಿ ಮುಂಬಯಿಯಲ್ಲಿ ಇನ್ನೆಲ್ಲಾದರೂ ಇದೆಯೋ ತಿಳಿಯದು. ಹಾಗಾದರೆ ಇಷ್ಟು ವರ್ಷ ಸ್ಟೋವಿನ ಅಡುಗೆ ಉಂಡ ನಾವು ಯಾರು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ನಮ್ಮ ಮನೆಯವರನ್ನು ಕೇಳಿದೆ. ಅವರು ಪೇಪರಿನ ಹಿಂದಿನಿಂದ, "ಚಹಾ ಆತೇನು?" ಎಂದರು.

ಇನ್ನೊಮ್ಮೆ ನಳದ ಹತ್ತಿರ ಪಕ್ಕದ ಖೋಲಿಯ ಮಾವಶಿಗೆ ತಮ್ಮ ಪುಣೆಯ ಮರಾಠಿಯಲ್ಲಿ ಮುಂಬಯಿಯ ಜನ್ಮವೃತ್ತಾಂತ ಹೇಳಿದರು. ಇಲ್ಲೆಲ್ಲ ಮೊದಲು ಬೆಂಕಿಯ ಹೊಳೆ ಹರಿದಿತ್ತು, ಅದೇ ಆರಿ ಈ ಕಪ್ಪು ಕಲ್ಲಾಯಿತು, ನಾವು ಆ ಹೊಳೆಯ ಮೇಲೆಯೇ ಕೊಡ ಇಟ್ಟು ನಿಂತಿದ್ದೇವೆ, ಎಂದು. ಏಪ್ರಿಲ್ ತಿಂಗಳ ಬಿಸಿಲು. ಮಾವಶಿ ಬಗ್ಗಿ ಅಂಗಳದ ಹಾಸುಗಲ್ಲನ್ನು ಅಂಗೈಯಿಂದ ಮುಟ್ಟಿ ಕಿರುಚಿದಳು, "ಅಗ ಬಾಯಿ, ಇನ್ನೂ ಬಿಸಿ ಇದೆ!"

ಸಂಜೆಯ ತನಕ ನಮ್ಮ ಸಾಲಿನ ಹೆಂಗಸರು ಮಕ್ಕಳನ್ನು ನೆಲಕ್ಕೆ ಬಿಡಲಿಲ್ಲ. ಒಬ್ಬಾಕೆ ಊರಿಗೆ ಹೊರಡಲು ಗಂಟು ಕಟ್ಟಿದಳು. ಕಾಕಾ ಓಡಾಡಿ ಸಮಾಧಾನ ಹೇಳಿದರು, ಅದೆಲ್ಲ ಯಾವಾಗಲೋ ಆರಿದೆ, ಏನೂ ಭಯವಿಲ್ಲ, ಎಂದು. ಮಾವಶಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ಆರಿದ್ದು ಮತ್ತೆ ಬಿಸಿಯಾಗುವುದಿಲ್ಲವೇ? ನಿನ್ನೆಯ ಆಮಟಿ ನಾನು ಇವತ್ತು ಬಿಸಿ ಮಾಡಲಿಲ್ಲವೇ?" ಶಾಸ್ತ್ರ ಓದಿದ ಕಾಕಾ ಒಂದು ಬೇಳೆಯ ಸಾರಿಗೆ ಸೋತು ಮನೆಗೆ ಮರಳಿದರು!

ಅತ್ತೆಯ ಕಣ್ಣು ಮಂಜಾಗುತ್ತ ಬಂದಾಗ ಫೋರ್ಟಿನ ಕಣ್ಣಿನ ಡಾಕ್ಟರರಿಗೆ ತೋರಿಸಲು ಹೋದೆವು. ಕಾಕಾನೂ ಬಂದರು. ಡಾಕ್ಟರರು ಪೊರೆ ಎಂದರು, ಇನ್ನೂ ಬಲಿಯಬೇಕು, ಆಮೇಲೆ ಕತ್ತರಿ, ಎಂದರು. ಹೊರಗೆ ಬಂದು ನೋಡಿದರೆ ಕಾಕಾ ಇಲ್ಲ! ಹುಡುಕುತ್ತ ಹೋದರೆ ಒಂದು ದೊಡ್ಡ ಬ್ಯಾಂಕಿನ ಮುಂದೆ ಜನ ಸೇರಿದ್ದಾರೆ. ಕಾಕಾ ಬ್ಯಾಂಕಿನ ಗೋಡೆಗೆ ಕೆನ್ನೆ ಹಚ್ಚಿ, ಎರಡೂ ಕೈಯಿಂದ ತಡವುತ್ತಿದ್ದಾರೆ. ಮೀಸೆಯ ಪಹರೆಯವನು ಅವರ ಕೋಟಿನ ಕಾಲರು ಹಿಡಿದಿದ್ದಾನೆ. ಅವನದೇನು ತಪ್ಪು? ಹಾಡುಹಗಲಲ್ಲಿ ಬ್ಯಾಂಕಿನ ಗೋಡೆಯನ್ನು ತಡವಿ ನೋಡುವವನನ್ನು ಏನೆಂದು ತಿಳಿಯಬೇಕು?

"ಕ್ಯಾ ಕರ್ ರಹೇ ಹೋ?"

"ಈ ಕಲ್ಲು ಇಲ್ಲಿಯದಲ್ಲ," ಎಂದರು ಕಾಕಾ ಹಿಂದಿಯಲ್ಲಿ, ಕಾಲರಿನ ಪರಿವೆಯೇ ಇಲ್ಲದೆ. "ಕಾಠೇವಾಡದ್ದು. ಪೋರಬಂದರದಿಂದ ಹಡಗಿನಲ್ಲಿ ಬಂದದ್ದು. ನೋಡು, ಇದರಲ್ಲಿ ಸಮುದ್ರದ ಚಿಪ್ಪಿನ ಪುಡಿ ಇದೆ."

ಪಹರೆಯವನ ಕೈ ಸಡಿಲವಾಯಿತು. "ಪೋರಬಂದರ್? ಮೈ ಭೀ ಉಧರ್ ಕಾ!"

ಆಮೇಲೆ ಇಬ್ಬರೂ ಸೇರಿ ಗೋಡೆ ತಡವಿದರು! ಪಾಪ, ಎಷ್ಟೋ ವರ್ಷದಿಂದ ಅದೇ ಗೋಡೆಗೆ ಬೆನ್ನು ಹಚ್ಚಿ ನಿಂತವನು ತನ್ನ ಊರಿಗೇ ಬೆನ್ನು ಹಚ್ಚಿದ್ದೇನೆಂದು ಅಂದು ತಿಳಿದುಕೊಂಡ. ನಮಗೆಲ್ಲ ಚಹಾ ತರಿಸಿಕೊಟ್ಟ. ಅತ್ತೆ ಹೊರಗಿನ ಚಹಾ ಮುಟ್ಟುವುದಿಲ್ಲ, ಮುಖ ತಿರುಗಿಸಿ ಕೂತು ಹೇಳಿದರು, "ಡಾಕ್ಟರಗ ತೋರಸಬೇಕಾದ್ದು ನನ್ನ ಕಣ್ಣಲ್ಲ, ಇವನ ತಲಿ."

ಅತ್ತೆ ಮತ್ತು ಕಾಕಾ ಹೀಗೆಯೇ. ಮೈದುನ ಬಾಯಿ ತೆರೆದರೆ ಅತ್ತಿಗೆಯ ಒಂದು ಗುದ್ದು ಸಿದ್ಧ. ಅವರಿಬ್ಬರ ದೊಡ್ಡ ಜಗಳ ದೇವರ ಗೂಡಿನ ಮುಂದೆ ನಡೆಯುತ್ತಿತ್ತು. ನಮ್ಮದು ಪಂಚಾಯತನ ಪೂಜೆ. ಐದು ದೇವರು, ಮೂರ್ತಿ ಒಂದೂ ಇಲ್ಲ, ಐದೂ ಕಲ್ಲೇ. ವಿಷ್ಣುವಿಗೆ ಗಂಡಕಿಯ ಸಾಲಿಗ್ರಾಮ, ಗಣಪತಿಗೆ ಶೋಣಭದ್ರೆಯ ಕೆಂಪು ಕಲ್ಲು, ಸೂರ್ಯನಿಗೆ ಸ್ಫಟಿಕ, ಅಂಬಿಕೆಗೆ ಚಿನ್ನದ ಚುಕ್ಕಿಯ ಕಲ್ಲು, ಶಿವನಿಗೆ ನರ್ಮದೆಯಲ್ಲಿ ಉರುಳಿ ನುಣ್ಣಗಾದ ಬಾಣಲಿಂಗ. ಕಾಕಾ ಮೊದಲ ದಿನವೇ ಭೂತಕನ್ನಡಿ ಹಿಡಿದು ಕುಣಿದಿದ್ದರು. "ಹಿರಿಯರು ದೇಶದ ಹೊಳಿ ಎಲ್ಲಾ ತಿರಗಿ ಸ್ಯಾಂಪಲ್ ಕೂಡಸ್ಯಾರ, ವೈನಿ! ಇದು ದೇವರ ಪೆಟ್ಟಿಗಿ ಅಲ್ಲ, ಮ್ಯೂಸಿಯಮ್!"

"ಮುಟ್ಟಬ್ಯಾಡ. ಸ್ನಾನ ಆಗಿಲ್ಲ ನಿಂದು."

"ಈ ಸಾಲಿಗ್ರಾಮದಾಗಿನ ಚಕ್ರ ಅದ ಅಲ್ಲ, ಅದು ಹಳೇ ಸಮುದ್ರದಾಗಿನ ಶಂಖದಂಥ ಹುಳದ ಗುರುತು."

ಅಯ್ಯೋ, ನಾನು ದಿನವೂ ಕೈ ಮುಗಿಯುವುದು ಹುಳಕ್ಕೇ? ಅತ್ತೆ ಮಾತ್ರ ಹತ್ತಿಯ ಬತ್ತಿ ಹೊಸೆಯುತ್ತಲೇ ಹೇಳಿದರು, "ವಿಷ್ಣು ಮೊದಲ ಸಮುದ್ರದಾಗ ಮೀನ ಆಗಿದ್ದ, ಆಮ್ಯಾಲೆ ಆಮಿ ಆಗಿದ್ದ. ಅದು ನಮಗ ಗೊತ್ತದ. ಹೊಸಾದೇನರೆ ಇದ್ರ ಹೇಳು."

ಕಾಕಾ ಭೂತಕನ್ನಡಿ ಮಡಿಚಿ ಹೊರಗೆ ಹೋದರು.

ಈಗ ಶಿವರಾತ್ರಿಯ ಸಂಗತಿಗೆ ಬರುತ್ತೇನೆ. ಅತ್ತೆಯದು ಶಿವರಾತ್ರಿಗೆ ನಿಟ್ಟುಪವಾಸ, ನೀರೂ ಇಲ್ಲ. ಮರುದಿನ ಬೆಳಿಗ್ಗೆ ಲಿಂಗಕ್ಕೆ ಅಭಿಷೇಕವಾಗಿ, ತೀರ್ಥ ತೆಗೆದುಕೊಂಡ ಮೇಲೆಯೇ ಪಾರಣೆ. ಕಾಕಾ ಉಪವಾಸದವರಲ್ಲ. ಸಾಬೂದಾಣಿ ಖಿಚಡಿಯನ್ನು ಎರಡು ಸಲ ಹಾಕಿಸಿಕೊಂಡು, ಚಾಳಿನ ಹುಡುಗರನ್ನು ಕೂಡಿಸಿ, ನರ್ಮದೆಯಲ್ಲಿ ಲಿಂಗಗಳು ಹೇಗೆ ಆಗುತ್ತವೆ ಎಂದು ಪಾಠ ಹೇಳಿದ್ದರು. ಅದಕ್ಕಾಗಿ ಟ್ರಂಕಿನಿಂದ ಒಂದು ಚೀಲ ತೆಗೆದಿದ್ದರು. ಹರೆಯದಲ್ಲಿ ನರ್ಮದೆಯ ದಂಡೆಯಲ್ಲಿ ತಿರುಗಾಡಿ ಆಯ್ದು ತಂದ ಕಲ್ಲುಗಳು. ಹತ್ತು ಹನ್ನೆರಡಿದ್ದವು. ಎಲ್ಲ ಬೆರಳಿನ ಗಾತ್ರ, ಎಲ್ಲ ಕಂದು, ಎಲ್ಲ ನುಣುಪು.

ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಹಿಂದಿನ ದಿನದ ಹೂವು ಬಿಲ್ವ ತೆಗೆದು, ಐದೂ ದೇವರನ್ನು ಹಿತ್ತಾಳೆಯ ಪರಾತದಲ್ಲಿ ನೀರು ತುಂಬಿ ಇಟ್ಟರು. ಅಷ್ಟರಲ್ಲಿ ನಳ ನಿಲ್ಲುವ ಹೊತ್ತಾಯಿತೆಂದು ಯಾರೋ ಕೂಗಿದರು. ಕೊಡ ಹಿಡಿದು ನಾವಿಬ್ಬರೂ ಓಡಿದೆವು. ನಮ್ಮ ಚಾಳಿನಲ್ಲಿ ಆ ಕೂಗಿಗೆ ಎದ್ದು ಓಡದವರು ಹೆಣ ಒಂದೇ!

ಅದೇ ಹೊತ್ತಿಗೆ ಕಾಕಾ ಎದ್ದರು. ಚೀಲದ ಕಲ್ಲುಗಳಿಗೆ ಹುಡುಗರ ಕೈಯ ಬೆಲ್ಲ ಮೆತ್ತಿತ್ತು, ತೊಳೆಯಬೇಕು. ಚಾಳಿಗೆ ಬಂದ ಮೇಲೆ ಅವರು ಕಲಿತ ದೊಡ್ಡ ವಿದ್ಯೆಯೆಂದರೆ ನೀರಿನ ಉಳಿತಾಯ. ಯಾರೋ ಆಗಲೇ ಪರಾತದಲ್ಲಿ ನೀರು ಹಾಕಿಟ್ಟಿದ್ದಾರೆ, ಇದನ್ನು ಬಿಟ್ಟು ಇನ್ನೊಂದು ತಂಬಿಗೆ ಯಾಕೆ ದಂಡ ಮಾಡಬೇಕು? ನಿದ್ದೆಗಣ್ಣಿನಲ್ಲಿ ಪರಾತದೊಳಗೆ ಏನಿದೆ ಎಂದೂ ನೋಡದೆ ಚೀಲವನ್ನು ಸುರಿದರು. ಅರಿವೆಯಿಂದ ಒಂದೊಂದನ್ನೂ ಉಜ್ಜಿದರು. ವಿಭೂತಿ, ಗಂಧ ಏನೂ ಉಳಿಯದಂತೆ ಲಕಲಕ ಮಾಡಿಟ್ಟರು!

ನಾವು ಕೊಡ ಹೊತ್ತು ಬಂದೆವು. ನಮ್ಮ ಮನೆಯವರು ಬಾಗಿಲಲ್ಲೇ ನಿಂತರು.

"ಕಾಕಾ, ಇದೇನ್ರಿ?"

"ಕಲ್ಲು."

"ದೇವರೆಲ್ಲಿ?"

ಕಾಕಾ ಪರಾತವನ್ನು ನೋಡಿದರು. ಒಂದು ಕಲ್ಲನ್ನು ಎತ್ತಿ, ಮತ್ತೆ ನೀರಿಗೇ ಬಿಟ್ಟರು. "ಇದರಾಗ ಇರಬೇಕು," ಎಂದರು ಮೆಲ್ಲಗೆ.

ಋಷಿಗಳು ಗುಡ್ಡ ಹತ್ತಿ ಕೂತು ಹೇಳಿದ ಮಾತು! ಆದರೆ ಆ ಹೊತ್ತಿಗೆ ನಮಗ್ಯಾರಿಗೂ ಅದು ಹಿಡಿಸಲಿಲ್ಲ.

ನಾಲ್ಕು ದೇವರು ಥಟ್ಟನೆ ಸಿಕ್ಕರು. ಕಪ್ಪು, ಕೆಂಪು, ಬಿಳುಪು, ಚಿನ್ನದ ಚುಕ್ಕಿ, ಗುರುತು ಹಿಡಿಯಲು ಏನು ಕಷ್ಟ? ಶಿವ ಮಾತ್ರ ತನ್ನಂಥವರ ಗುಂಪಿನಲ್ಲಿ ಕೂತುಬಿಟ್ಟಿದ್ದ.

"ದಿನಾ ಮುಟ್ಟಿ ತೊಳೆಯೋರು ನೀವು. ಗುರುತು ಇಲ್ಲೇನ್ರಿ?" ಎಂದೆ ನಮ್ಮ ಮನೆಯವರಿಗೆ.

"ನಾ ಕಣ್ಣು ಮುಚ್ಚಿ ಪೂಜಾ ಮಾಡ್ತೀನಿ."

"ಯಾಕ್ರಿ?"

"ಭಕ್ತಿಯಿಂದ!" ಎಂದು ಸಿಟ್ಟಾದರು. ಲೋಕಲ್ ತಪ್ಪೀತೆಂದು ಒಂದು ಕಣ್ಣು ಗಡಿಯಾರದ ಮೇಲಿಟ್ಟು ಮಾಡುವುದನ್ನು ನಾನು ಕಂಡವಳು. ಆದರೆ ಶಿವರಾತ್ರಿಯ ಮರುದಿನ ಯಾಕೆ ಜಗಳ ಎಂದು ಸುಮ್ಮನಾದೆ. ನನಗಾದರೂ ಗುರುತೆಲ್ಲಿ? ನಮ್ಮಲ್ಲಿ ಹೆಂಗಸರು ಆ ದೇವರನ್ನು ಮುಟ್ಟುವ ರೂಢಿಯಿಲ್ಲ. ಹೂವಿನ ಮರೆಯಲ್ಲಿ ಕಂಡಷ್ಟೇ ಕಂಡದ್ದು. ನೋಡಿ ನೋಡಿ ಗುರುತಿದ್ದವರು ಅತ್ತೆ ಒಬ್ಬರೇ. ಅವರ ಕಣ್ಣಿಗೆ ಈಗ ಪೊರೆ. ನಾನು ಪರಾತದ ಮುಂದೆ ನಿಂತು ಎಲ್ಲ ಕಲ್ಲಿಗೂ ಸಾಲಾಗಿ ಕೈ ಮುಗಿದೆ. ಉಳಿದವು ದಂಡವಾದರೂ ಒಂದಾದರೂ ಮುಟ್ಟಬೇಕಾದಲ್ಲಿ ಮುಟ್ಟಲಿ ಎಂದು.

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನಮ್ಮ ಮಾವನವರು ನರ್ಮದಾ ಪ್ರದಕ್ಷಿಣಾ ಮಾಡಿ ತಂದ ಲಿಂಗ ಅದು. ನಮ್ಮನಿಯವರು ಕಡೀ ದಿನದ ತನಕ ಪೂಜಾ ಮಾಡ್ಯಾರ. ಅದು ಸಿಕ್ಕು ಅಭಿಷೇಕ ಆಗೂತನಕ ನನಗ ನೀರೂ ಬ್ಯಾಡ," ಎಂದು ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಹಿಂದಿನ ದಿನದಿಂದ ಒಣಗಿದ ಬಾಯಿ, ಆ ವಯಸ್ಸು!

ಸುದ್ದಿ ಕೇಳಿ ಮೂಲೆಯ ಉಡುಪಿ ಹೋಟೆಲಿನ ಭಟ್ಟರು ಬಂದರು. ಕಾಕಾನಿಗೆ ಅವರೊಬ್ಬರೇ ಗೆಳೆಯರು, ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಅಲ್ಲಿ ಚಹಾ. "ಎಂಥದು ಅಮ್ಮಾ, ಇಷ್ಟಕ್ಕೆ ಯಾರಾದರೂ ಉಪವಾಸ ಬೀಳುವುದುಂಟಾ? ಎಲ್ಲ ಕಲ್ಲೂ ಒಟ್ಟಿಗೆ ಇಟ್ಟು ಅಭಿಷೇಕ ಮಾಡಿದರೆ ಆಯ್ತಲ್ಲ ಮಾರಾಯ್ರೆ! ಒಂದಂತೂ ಅದೇ ಅಲ್ವಾ?"

ನನಗೆ ಭಟ್ಟರು ಸಾಕ್ಷಾತ್ ಬೃಹಸ್ಪತಿಯಂತೆ ಕಂಡರು. ಅತ್ತೆ ಗೋಡೆಯ ಕಡೆ ಮುಖ ಮಾಡಿಯೇ ಹೇಳಿದರು, "ಅವನ್ನ ನೆಕ್ಕಿಲ್ಲಂತ ಇವಗ ಆಣಿ ಮಾಡಿ ಹೇಳಂತ ಹೇಳ್ರಿ."

ಕಾಕಾ ತಲೆ ತಗ್ಗಿಸಿದರು. ಕಲ್ಲು ಸಿಕ್ಕರೆ ಮೊದಲು ನಾಲಿಗೆಗೆ ಹಚ್ಚುವುದು ಅವರ ಕಸಬಿನ ರೀತಿ. ಅಂಟಿದರೆ ಒಂದು ಜಾತಿ, ಉಪ್ಪಾದರೆ ಒಂದು ಜಾತಿ, ಒದ್ದೆಯಾದರೆ ಬಣ್ಣ ಎದ್ದು ಕಾಣುತ್ತದಂತೆ. ಚೀಲದ ಕಲ್ಲೆಲ್ಲ ಎಂದೋ ನೆಕ್ಕಿ ನೋಡಿದವೇ. ಅಂದರೆ ಎಂಜಲು! ಎಂಜಲ ಕಲ್ಲನ್ನು ದೇವರ ಪೀಠದ ಮೇಲೆ ಇಡುವುದು ಹೇಗೆ? ಬೃಹಸ್ಪತಿಗಳು ಸದ್ದಿಲ್ಲದೆ ಹೋಟೆಲಿಗೆ ಮರಳಿದರು.

ಕಾಕಾ ಕೆಲಸಕ್ಕೆ ಕೂತರು. ಕಲ್ಲುಗಳನ್ನು ಬಿಳಿಯ ಪಂಚೆಯ ಮೇಲೆ ಹರಡಿದರು. ಭೂತಕನ್ನಡಿಯಲ್ಲಿ ನೋಡಿದರು, ಬಿಸಿಲಿಗೆ ಹಿಡಿದರು, ಎರಡು ಅಂಗೈಯಲ್ಲಿ ತೂಗಿದರು. ಯೋಚನೆಯಲ್ಲಿ ಮುಳುಗಿ ಒಂದನ್ನು ಬಾಯಿಯ ಹತ್ತಿರ ಒಯ್ದರು.

"ಕಾಕಾ, ನೆಕ್ಕಬ್ಯಾಡ್ರಿ! ಅದರಾಗ ಒಂದು ದೇವರು ಅದ!" ಎಂದು ನಾನು ಕಿರುಚಿದೆ.

ಅವರು ಬೆಚ್ಚಿ ಕೆಳಗಿಟ್ಟರು. ಚಾಕುವಿನ ತುದಿಯಿಂದ ಗೀರಿದರೆ ಗಡಸು ಎಷ್ಟೆಂದು ತಿಳಿಯುತ್ತದೆ, ಎಂದರು. ಶಿವನನ್ನು ಗೀರುವುದೇ? ಸುತ್ತಿಗೆಯಿಂದ ಸಣ್ಣ ಚಕ್ಕೆ ಎಬ್ಬಿಸಿದರೆ ಒಳಗಿನ ಬಣ್ಣ ಕಾಣುತ್ತದೆ, ಎಂದು ಶುರುಮಾಡಿ ಮಾತನ್ನು ತಾವೇ ನುಂಗಿದರು. ನೋಡಿ, ಎಂಥ ಶಾಸ್ತ್ರವಿದು! ಯಾರನ್ನು ಗುರುತಿಸಬೇಕೋ ಅವರನ್ನು ಮೊದಲು ಒಡೆಯಬೇಕು.

ಮಧ್ಯಾಹ್ನ ಎಲ್ಲವನ್ನೂ ಪಂಚೆಯಲ್ಲಿ ಗಂಟು ಕಟ್ಟಿ ಫೋರ್ಟಿಗೆ ಹೊರಟರು. ಅಲ್ಲಿನ ಕಾಲೇಜೊಂದರಲ್ಲಿ ಅವರ ಹಳೆಯ ಸಹಪಾಠಿ ಪ್ರೊಫೆಸರರಂತೆ. ಆ ಗದ್ದಲದ ಲೋಕಲಿನಲ್ಲಿ, ಬೆವರಿನ ಜನರ ನಡುವೆ, ನಮ್ಮ ಶಿವ ಗಂಟಿನಲ್ಲಿ ಹೋಗುವುದನ್ನು ನೆನೆದು ನನಗೆ ಏನು ಮಾಡಲೂ ತೋಚಲಿಲ್ಲ. ಶಿವನಿಗೆ ದೀಪ ಹಚ್ಚಿದೆ. ಆಮೇಲೆ ನೆನಪಾಯಿತು, ಶಿವ ಮನೆಯಲ್ಲಿಲ್ಲ.

ಸಂಜೆ ಸೋತು ಬಂದರು. "ತೆಳ್ಳಗ, ಕಾಗದದ್ಹಂಗ ಕೊಯ್ದು ಸೂಕ್ಷ್ಮದರ್ಶಕದಾಗ ನೋಡಿದ್ರ ಮಾತ್ರ ಹೇಳಾಕ ಬರ್ತದಂತ."

"ಕೊಯ್ಯೂದು?" ಅತ್ತೆಯ ದನಿ ಕ್ಷೀಣವಾಗಿತ್ತು. "ಯಾರನ್ನ?"

ಹೊಸ ಲಿಂಗ ತಂದುಬಿಡೋಣ ಎಂದು ನಮ್ಮ ಮನೆಯವರು ಮೆಲ್ಲಗೆ ಅಂದು ನೋಡಿದರು. ಅತ್ತೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು. ನಾನು ಕಾಕಾನಿಗೆ ತಾಟು ಹಾಕಲು ಹೋದರೆ, "ಭಟ್ಟರಲ್ಲೆ ಆಗೇದವಾ" ಎಂದು ಮತ್ತೆ ಪಂಚೆ ಹರಡಿ ಕೂತರು. ಸ್ವಲ್ಪ ಹೊತ್ತಿಗೆ ಭಟ್ಟರೇ ಬಾಗಿಲಿಗೆ ಬಂದು ಕೇಳಿದರು, "ಎಲ್ಲಿ ನಿಮ್ಮ ಕಾಕಾ? ಬೆಳಿಗ್ಗೆಯಿಂದ ಒಂದು ಚಹಾಕ್ಕೂ ಬರಲಿಲ್ಲವಲ್ಲ ಅಂತ." ನಾನು ಕಾಕಾನ ಕಡೆ ನೋಡಿದೆ. ಅವರು ಭೂತಕನ್ನಡಿಯಿಂದ ಕಣ್ಣು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಏಳಲು ಹೋದವರು ಏಳಲಾರದೆ ಮಂಚದ ಅಂಚು ಹಿಡಿದು ಕೂತರು. ತುಟಿ ಒಣಗಿ ಸೀಳಿತ್ತು. ಕಾಕಾ ಅದನ್ನು ನೋಡಿದರು. ಒಮ್ಮೆಲೇ ಎದ್ದು, ಪಂಚೆಯ ಮೇಲಿನಿಂದ ಒಂದು ಕಲ್ಲನ್ನು ಎತ್ತಿ ಜೋರಾಗಿ ಹೇಳಿದರು:

"ಸಿಕ್ತು ವೈನಿ! ಇದ ನೋಡು. ಇದರ ಹೊಟ್ಟಿ ಮ್ಯಾಲೆ ಕೂದಲಿನಂಥ ಬಿಳೇ ಗೆರಿ ಅದ. ಉಳಿದಾವಕ್ಕ ಇಲ್ಲ. ದಿನಾ ನೀರು ಬಿದ್ದು ಬಿದ್ದು ಬಂದದ್ದು ಅದು. ಶಾಸ್ತ್ರ ಹೇಳ್ತದ!"

"ನಿಕ್ಕಿ ಏನೋ?"

"ನಿಕ್ಕಿ."

ಅತ್ತೆ ಒಂದು ಗಳಿಗೆ ಅವರ ದನಿ ಬಂದ ಕಡೆಗೇ ಮುಖ ಮಾಡಿ ಕೂತರು. "ಹೂಂ. ಅದ ಅದು," ಎಂದರು.

ಪಂಚಗವ್ಯದಿಂದ ಶುದ್ಧಿಯಾಯಿತು, ಅಭಿಷೇಕವಾಯಿತು. ನಮ್ಮ ಮನೆಯವರು ಜನ್ಮದಲ್ಲಿ ಮೊದಲ ಸಲ ಕಣ್ಣು ಬಿಟ್ಟು ಪೂಜೆ ಮಾಡಿದರು! ಅತ್ತೆ ತೀರ್ಥ ತೆಗೆದುಕೊಂಡರು, ಎರಡು ಸೌಟು ಗಂಜಿ ಕುಡಿದರು, ಮೇಲೆ ಮಜ್ಜಿಗೆ ಕೇಳಿದರು. ದೇವರ ದಯೆ ಎಂದು ನಾನು ಒಲೆಯ ಮುಂದೆಯೇ ಕಣ್ಣೊರೆಸಿಕೊಂಡೆ. ಅವರು ಕೊನೆಯ ಗುಟುಕು ಕುಡಿದ ಮೇಲೆ ಕಾಕಾ, "ನನಗೂ ಒಂದೀಟು ಹಾಕವಾ" ಎಂದು ಕೂತರು. ಆ ಮನುಷ್ಯ ಅನ್ನ ಕಲಸಿದ ರೀತಿ ನೋಡಿಯೇ ನನಗೆ ಗೊತ್ತಾಯಿತು, ಹಿಂದಿನ ದಿನ ಹೊಟ್ಟೆಗೆ ಏನೂ ಹೋಗಿಲ್ಲವೆಂದು.

ಊಟವಾದ ಮೇಲೆ ಗ್ಯಾಲರಿಯಲ್ಲಿ ಬಟ್ಟೆ ಹರವುತ್ತಿದ್ದೆ. ಕಾಕಾ ಹತ್ತಿರ ಬಂದು ಕಟಕಟೆ ಹಿಡಿದು ನಿಂತರು.

"ನೋಡವಾ, ಆ ಬಿಳೇ ಗೆರಿ ಮೂರು ಕಲ್ಲಿಗೆ ಅದ."

"ಏನಂದ್ರಿ?"

"ಮೂರರ ತನಕಾ ಬಂದೆ. ಅದರ ಮುಂದ ನನಗ ತಿಳೀಲಿಲ್ಲ. ನೀರು ಬಿದ್ರ ಗೆರಿ ಬರೂದಿಲ್ಲ, ಸುಳ್ಳ ಅದು. ಯಾವುದೋ ಒಂದು ಎತ್ತಿದೆ."

ಕಲ್ಲಿನ ವಿಷಯದಲ್ಲಿ ಬ್ರಹ್ಮನೇ ಎದುರು ಬಂದರೂ ಸುಳ್ಳು ಹೇಳದ ಮನುಷ್ಯ! ಹಿಂಡಿದ್ದ ಧೋತರವನ್ನೇ ನಾನು ಮತ್ತೆ ಹಿಂಡಿದೆ. ಹಾಗಾದರೆ ಈಗ ಪೀಠದ ಮೇಲಿರುವುದು ಯಾರು? ಶಿವನೇ, ಕಾಕಾ ನೆಕ್ಕಿದ ಕಲ್ಲೇ? ಹೇಳಿದರೆ ಅತ್ತೆ ಮತ್ತೆ ಗೋಡೆಗೆ ಮುಖ ತಿರುಗಿಸುತ್ತಾರೆ. ಹೇಳದಿದ್ದರೆ ನನಗೆ ಎಂಥ ಪಾಪ?

ಒಳಗೆ ಹೋಗಿ ಅತ್ತೆಯ ಕಾಲು ಒತ್ತುತ್ತ ಕೂತೆ.

"ಏನಂದ ಅಂವ ಹೊರಗ?" ಎಂದರು ಅತ್ತೆ. "ಯಾವುದೋ ಒಂದು ಎತ್ತಿ ಕೊಟ್ಟೆ ಅಂದನೇನು?"

"ನಿಮಗ ಹ್ಯಾಂಗ ಗೊತ್ತು, ಅತ್ಯಾ?"

"ಕಣ್ಣಿಗೆ ಪೊರಿ ಬಂದದ, ಕಿವಿಗೆ ಬಂದಿಲ್ಲ. ಸುಳ್ಳು ಹೇಳೋ ದನಿ ನನಗ ತಿಳೀದ? ನಿನ್ನಿಯಿಂದ ಅಂವ ಹೊಟ್ಟಿಗೆ ಏನೂ ಹಾಕಿದ್ದಿಲ್ಲ. ನಾ ಉಣದ ಅಂವ ಉಣ್ಣಾಂವ ಅಲ್ಲ."

"ಆದ್ರ ಅತ್ಯಾ, ಅದು ಬ್ಯಾರೇ ಕಲ್ಲಿದ್ರ? ಕಾಕಾನ ಎಂಜಲ ಅಲ್ಲೇನ್ರಿ?"

ಅತ್ತೆ ಕಾಲು ಎಳೆದುಕೊಂಡು ನನ್ನ ಕಡೆ ಹೊರಳಿದರು. "ನಾ ಈ ಮನಿಗೆ ಸೊಸಿ ಆಗಿ ಬಂದಾಗ ನನಗ ಹತ್ತು ತುಂಬಿದ್ದಿಲ್ಲ. ಅಂವ ಇನ್ನೂ ಅಂಬೆಗಾಲಿಡತಿದ್ದ. ನಮ್ಮತ್ತಿ ಹಾಸಿಗಿ ಹಿಡದಿದ್ರು. ಅವಗ ಒಂದು ತುತ್ತು, ನನಗ ಒಂದು ತುತ್ತು. ಒಂದ ತಾಟಿನ್ಯಾಗ ಉಂಡು ಇಬ್ಬರೂ ಬೆಳದೇವಿ. ಅಂವ ಬಾಯಾಗಿಂದ ತಗದು ನನ್ನ ಬಾಯಾಗ ಇಡತಿದ್ದ, ನಾ ತಿಂತಿದ್ದೆ. ಈಗ ಅವನ ಎಂಜಲ ಬ್ಯಾಡ ಅನ್ನಲೇನು?"

ಬಾಗಿಲ ಹೊರಗೆ ಚಪ್ಪಲಿಯ ಸದ್ದಾಯಿತು. ಕಾಕಾ ಇಣುಕಿ ನೋಡದೆ, ಹೊರಗಿನಿಂದಲೇ ದನಿ ತಗ್ಗಿಸಿ ಕೇಳಿದರು, "ವೈನಿಗೆ ನಿದ್ದಿ ಹತ್ತೇದೇನವಾ?"

ಅತ್ತೆ ಥಟ್ಟನೆ ಕಣ್ಣು ಮುಚ್ಚಿ, ಸೆರಗಿನಿಂದ ಮುಖ ಮುಚ್ಚಿಕೊಂಡು, ನನ್ನ ಕೈಯನ್ನು ಒಮ್ಮೆ ಅದುಮಿದರು.

"ಹತ್ತೇದರಿ ಕಾಕಾ," ಎಂದೆ.